ಮೊದಲು ಕ್ಷೇಮ, ಆಮೇಲೆ ಮಂದಾಜಿ

ಹಲಸೂರಿಗೆ ಬಂದ ಮರುದಿನ ಬೆಳಿಗ್ಗೆ ಸಕ್ಕರೆ ತರಲು ಕಿರಾಣಿ ಅಂಗಡಿಗೆ ಹೋದೆ. ನಮ್ಮ ಸೇಡಂ ಕಡೆಯ ರೂಢಿಯಂತೆ, "ಏನ್ರೀ ಅಣ್ಣಾ, ಆರಾಮ ಅದೀರಿ? ಮನ್ಯಾಗ ಎಲ್ಲಾರೂ ಚಂದ ಅದಾರ?" ಅಂದೆ. ಅಂಗಡಿಯವರು ತಕ್ಕಡಿ ಹಿಡಿದವರು ಹಾಗೇ ನಿಂತುಬಿಟ್ಟರು. ಇವಳು ಯಾವುದೋ ಮರೆತುಹೋದ ನೆಂಟಳೇ ಇರಬೇಕೆಂದು ನನ್ನ ಮುಖವನ್ನು ಹುಡುಕಿ ನೋಡಿದರು. ಗುರುತು ಹತ್ತಲಿಲ್ಲ. "ನಿಮಗೇನ್ ಬೇಕು ಹೇಳಮ್ಮ, ಹಿಂದೆ ಜನ ನಿಂತವ್ರೆ" ಅಂದರು. ಸಕ್ಕರೆ ಪೊಟ್ಟಣ ಹಿಡಿದು ಮನೆಗೆ ಬರುವಾಗ ನನಗೆ ಅಳುವೇ ಬಂತು. ನಗಬೇಡಿ. ಈ ಊರಿನಲ್ಲಿ ಮನೆಯವರನ್ನು ಬಿಟ್ಟು ಬೇರೆಯವರೊಂದಿಗೆ ನಾನು ಆಡಿದ ಮೊದಲ ಮಾತು ಅದು.

ನನಗೆ ಮಾತು ಕಲಿಸಿದವಳು ನಮ್ಮ ಆಯಿ, ಅಪ್ಪನ ತಾಯಿ. ಕಟ್ಟೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ಕಲಿಸಿದಳು. ಬಂದವರಿಗೆ ಮೊದಲು ನೀರು ಬೆಲ್ಲ ಕೊಡಬೇಕು. ಆಮೇಲೆ ಮಳೆ, ಎತ್ತು, ಮಗಳ ಬಾಣಂತನ ಎಲ್ಲ ವಿಚಾರಿಸಬೇಕು. ಬಂದ ಕೆಲಸವೇನೆಂದು ಅವರೇ ಹೇಳುವ ತನಕ ನಾವು ಕೇಳುವಂತಿಲ್ಲ. ಇಲ್ಲಿ ಎಲ್ಲರಿಗೂ ಹಿಡಿಯಲು ಒಂದು ಬಸ್ಸಿದೆ. ಹಾಗಂತ ಇಲ್ಲಿನವರು ಕಲ್ಲಲ್ಲ. ಮನೆಯವರಿಗೆ ಟೈಫಾಯ್ಡ್ ಬಂದಾಗ ಅದೇ ಅಂಗಡಿಯವರು ಕರೆಯದೆಯೇ ಬಂದು, ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅಲ್ಲಿ ಅಕ್ಕರೆ ಬಾಯಿಗೆ ಮೊದಲು ಬರುತ್ತದೆ, ಇಲ್ಲಿ ಕೈಗೆ. ಇದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಅದು ತೊಂಬತ್ತರ ದಶಕದ ಕೊನೆ. ಮನೆಯವರು ದೊಡ್ಡನೆಕ್ಕುಂದಿಯ ಕಾರ್ಖಾನೆಗೆ ಬೆಳಕು ಹರಿಯುವ ಮುಂಚೆ ಹೊರಡುತ್ತಿದ್ದರು. ಒಂದೇ ಕೋಣೆಯಲ್ಲಿ ನಾನೊಬ್ಬಳೇ ಕೂತು ಕೂತು ಬೇಸತ್ತು ರೊಟ್ಟಿ ಬಡಿಯತೊಡಗಿದೆ. ರೊಟ್ಟಿ, ಶೇಂಗಾ ಚಟ್ನಿಪುಡಿ ನಮ್ಮ ಕಡೆಯ ಕಾರ್ಮಿಕರ ಕೋಣೆಗಳಿಗೆ ಹೋದವು, ಆಮೇಲೆ ಅಂಗಡಿಗಳಿಗೂ ಹೋದವು. ಸಂತೆಯ ತಮಿಳು ಬಂತು, ಶಿವಾಜಿನಗರದ ಉರ್ದು ಬಂತು. ಕಾಕ್ಸ್ ಟೌನಿಗೆ ಮನೆ ಬದಲಾಯಿಸುವ ಹೊತ್ತಿಗೆ ನಾನೂ ಪಳಗಿದ್ದೆ. ಫೋನು ಎತ್ತಿದರೆ "ಹೇಳಿ" ಅನ್ನುತ್ತಿದ್ದೆ. ಊರಿನಿಂದ ತಮ್ಮ ಮಾಡಿದರೂ ಅದೇ. "ಅಕ್ಕಾ, ನಾ ಏನ್ ಕಂಪ್ಲೇಂಟ್ ಕೊಡಾಕ ಮಾಡೀನೇನು?" ಅಂತ ಅವನು ಹಂಗಿಸುತ್ತಿದ್ದ.

ಐದಾರು ವರ್ಷ ಕಳೆದ ಮೇಲೆ ಶಾಹೀನ್ ಮೇಡಂ ನನ್ನನ್ನು ಹುಡುಕಿಕೊಂಡು ಬಂದರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಅವರು ನಾಲ್ಕೈದು ಹೆಂಗಸರನ್ನು ಸೇರಿಸಿ ಒಂದು ಸಂಘ ಕಟ್ಟಿದ್ದರು. ಆಫ್ರಿಕಾದಿಂದ ಕಸುಬು ಕಲಿಯಲು ಬಂದ ಹುಡುಗಿಯರಿಗೆ ಸಣ್ಣ ವ್ಯಾಪಾರ ನಡೆಸುವುದನ್ನು ಚರ್ಚಿನ ಹಾಲಿನಲ್ಲಿ ಶನಿವಾರ ಶನಿವಾರ ಹೇಳಿಕೊಡುತ್ತಿದ್ದರು. ನೀವೂ ಬಂದು ಕಲಿಸಿ, ಸಂಬಳವಿಲ್ಲ, ಚಹಾ ಉಂಟು ಅಂದರು. ನನಗೆಲ್ಲಿಯ ಇಂಗ್ಲಿಷ್ ಅಂದೆ. "ನೀವು ಬೇರೆ ಊರಿಂದ ಬಂದು ನಿಂತಿದ್ದೀರಲ್ಲ, ಅದನ್ನೇ ಹೇಳಿ ಸಾಕು" ಅಂದರು. ಆ ಒಂದು ಮಾತಿಗೆ ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ. ಅಲ್ಲಿಯವರೆಗೆ ಯಾರೂ ನನ್ನ ವಲಸೆಯನ್ನು ಒಂದು ವಿದ್ಯೆಯೆಂದು ಎಣಿಸಿರಲಿಲ್ಲ.

ನನ್ನ ಪಾಲಿಗೆ ಬಂದವಳು ನೀಮಾ, ತಾಂಜಾನಿಯಾದ ದೊಡೊಮಾ ಊರಿನವಳು. ಅವಳ ಕೈಯಲ್ಲಿದ್ದ ಕಸುಬು ಮಂದಾಜಿ. ಮೈದಾಕ್ಕೆ ಸಕ್ಕರೆ, ಏಲಕ್ಕಿ, ತೆಂಗಿನ ಹಾಲು ಹಾಕಿ ನಾದಿ, ಉಬ್ಬಿಸಿ, ತ್ರಿಕೋನವಾಗಿ ಕತ್ತರಿಸಿ ಕರಿಯುವ ತಿಂಡಿ. ಅವಳ ತಾಯಿ ಅದನ್ನು ಬುಟ್ಟಿಯಲ್ಲಿ ಹೊತ್ತು ಬಸ್ ನಿಲ್ದಾಣದಲ್ಲಿ ತಿರುಗಿ ಮಾರುತ್ತಿದ್ದಳು. ಊರಿಗೆ ಮರಳಿ ಒಂದು ಅಂಗಡಿ ಹಾಕಬೇಕು, ತಾಯಿಯನ್ನು ಅದರೊಳಗೆ ಕೂರಿಸಬೇಕು, ಅಷ್ಟೇ ನೀಮಾಳ ಆಸೆ. ಅದಕ್ಕೂ ಮೊದಲು ಆರು ತಿಂಗಳು ಇಲ್ಲೇ ಅಂಗಡಿ ನಡೆಸಿ ಕಲಿಯಲೆಂದು ಸಂಘದ ಹೆಸರಿನಲ್ಲಿ ಫಿಲೋಮಿನಾ ಆಂಟಿಯ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದೆವು. ಆಂಟಿ ನಮ್ಮ ಬೀದಿಯ ಹಳೆಯ ಮನೆಯಲ್ಲಿ ಒಬ್ಬರೇ ಇದ್ದ ತಮಿಳು ಹೆಂಗಸು, ಮಾತು ಸ್ವಲ್ಪ ಖಾರ.

ಮಂದಾಜಿಗೆ ಗಿರಾಕಿ ಬೇಗ ಕುದುರಿತು. ಕಾಲೇಜಿನ ಆಫ್ರಿಕನ್ ಹುಡುಗರು ಬಂದರು, ಆಟೋದವರು ಬಂದರು, ಚರ್ಚಿಗೆ ಹೋಗುವ ಅಜ್ಜಿಯರೂ ಬಂದರು. ತೊಂದರೆ ಬೇರೆಯೇ ಇತ್ತು. ನೀಮಾ ಯಾರಿಗೂ ಸುಮ್ಮನೆ ತಿಂಡಿ ಕೊಡುತ್ತಿರಲಿಲ್ಲ. ಹಿರಿಯರಾದರೆ ಮೊದಲು "ಶಿಕಾಮೂ" ಅನ್ನಬೇಕು, ಅವರ ಕಡೆಯ ನಮಸ್ಕಾರ ಅದು. ಹಿರಿಯರು "ಮರಹಬಾ" ಎಂದು ಒಪ್ಪಿಕೊಳ್ಳಬೇಕು. ಆಮೇಲೆ "ಹಬಾರಿ" ಶುರು. ಹಬಾರಿ ಎಂದರೆ ಸಮಾಚಾರ, ನಮ್ಮ ಕಡೆಯ ಖಬರಿನ ಹತ್ತಿರದ ನೆಂಟನೇ ಸರಿ. ಮನೆಯ ಹಬಾರಿ, ಕೆಲಸದ ಹಬಾರಿ, ಮಕ್ಕಳ ಹಬಾರಿ, ರಾತ್ರಿಯ ನಿದ್ದೆಯ ಹಬಾರಿ. ಮುರುಕು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಎಲ್ಲವನ್ನೂ ಕೇಳಿ ಮುಗಿದ ಮೇಲೆ ಮಂದಾಜಿ. ಅಷ್ಟರಲ್ಲಿ ಗೇಟಿನ ಹೊರಗೆ ಜನ ಬೆಳೆದು, ಶಾಲೆಯ ವ್ಯಾನು ಹಾರ್ನ್ ಹೊಡೆದು, ಪಕ್ಕದ ಮನೆಯವರ ಸ್ಕೂಟರ್ ಹೊರಗೆ ಬಾರದೆ, ದೂರೆಲ್ಲ ಆಂಟಿಯ ಬಾಗಿಲಿಗೆ ಬಂತು. ಈ ತಿಂಗಳಿಗೆ ಮುಗಿಸಿಕೊಂಡು ಶೆಡ್ಡು ಖಾಲಿ ಮಾಡಿ ಎಂದು ಆಂಟಿ ಹೇಳಿಬಿಟ್ಟರು. ಬೇರೆ ಜಾಗ ಹುಡುಕಿದೆವು. ಅಂಗಡಿ ಹಾಕುವವಳು ಆಫ್ರಿಕಾದವಳೆಂದು ತಿಳಿದ ಕೂಡಲೇ ಎಲ್ಲರ ಶೆಡ್ಡಿಗೂ ಇದ್ದಕ್ಕಿದ್ದಂತೆ ಹೊಸ ಕಾರು ಬರುವುದಿತ್ತು.

ಶಾಹೀನ್ ಮೇಡಂ ಅವಳನ್ನು ಕೂರಿಸಿಕೊಂಡು ಹೇಳಿದರು: "ನೋಡಮ್ಮಾ, ವ್ಯಾಪಾರದಲ್ಲಿ ಕೈ ಓಡ್ಬೇಕು, ಬಾಯಲ್ಲ."

ಅದನ್ನು ರೂಢಿ ಮಾಡಿಸುವ ಕೆಲಸ ನನ್ನ ಮೇಲೆ ಬಿತ್ತು. ನನ್ನ ಹಲಸೂರಿನ ಸಕ್ಕರೆಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಅಕ್ಕಾ, ನಿಮ್ಮೂರಲ್ಲಿ ಕೇಳ್ತಾರಾ?"

"ಕೇಳ್ತಾರವ್ವ."

"ಹಾಗಾದ್ರೆ ನೀವು ಯಾಕೆ ಬಿಟ್ರಿ?"

ಈ ಊರಿನಲ್ಲಿ ಬದುಕಬೇಕಿತ್ತಲ್ಲ ಎಂದೆ. ಮರುದಿನದಿಂದ ತಲೆ ತಗ್ಗಿಸಿ ಪೊಟ್ಟಣ ಕಟ್ಟಿ ಕೊಡತೊಡಗಿದಳು. ಗೇಟಿನ ಮುಂದೆ ಜನ ಕರಗಿದರು, ವ್ಯಾನು ಸಲೀಸಾಗಿ ಹೋಯಿತು. ಮೇಡಂಗೆ ಸಮಾಧಾನ. ನಾನು ಮಾತ್ರ ಆ ವಾರ ಅಲ್ಲಿಗೆ ಹೋದಾಗಲೆಲ್ಲ ಅಂಗಡಿ ಯಾಕೋ ಸೂತಕದ ಮನೆಯ ಹಾಗೆ ಕಾಣಿಸುತ್ತಿತ್ತು.

ವಾರ ಕಳೆದ ಮೇಲೆ ಆಂಟಿ ಹೇಳಿಕಳಿಸಿದರು. ಶೆಡ್ಡಿನ ಬೀಗದ ಕೈ ಕೇಳಲಿಕ್ಕೇ ಇರಬೇಕೆಂದು ಅಂದುಕೊಂಡು ಹೋದೆ. ಆಂಟಿ ಕುರ್ಚಿಯಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು.

"ಏನಮ್ಮಾ, ಆ ಪೊಣ್ಣಿಗೆ ನನ್ ಮೇಲೆ ಕೋಪಾನಾ?"

ಇಲ್ಲ ಆಂಟಿ, ನಾವೇ ನೀಮಾಗೆ ಮಾತು ಕಡಿಮೆ ಮಾಡು ಅಂದಿದ್ದೇವೆ, ಬೀದಿಯವರಿಗೆ ತೊಂದರೆ ಆಗುತ್ತಿತ್ತಲ್ಲ ಎಂದೆ.

"ಬೀದಿ ಹಾಳಾಗ್ಲಿ. ದಿನಾ ಬೆಳಿಗ್ಗೆ ನನ್ ಮೊಣಕಾಲು ಕೇಳ್ತಿದ್ಳು. ಸಿಂಗಪುರದಿಂದ ಮಗ ಫೋನ್ ಮಾಡಿದ್ನಾ ಅಂತ ಕೇಳ್ತಿದ್ಳು. ನಾನೂ ಮರಹಬಾ ಅನ್ನೋಕೆ ಬಾಯಿ ರೆಡಿ ಇಟ್ಕೊಂಡು ಬಂದ್ರೆ, ಪೇಪರಲ್ಲಿ ಸುತ್ತಿ ಕೈಗಿಟ್ಳು, ಪೋಸ್ಟ್‌ಮ್ಯಾನ್ ತರ." ಗೇಟಿನ ಕಡೆ ಕೈ ತೋರಿಸಿದರು. "ಜನ ಹೊರಗೆ ನಿಂತ್ರೆ ತಾನೇ ಗಲಾಟೆ? ಗೇಟ್ ತೆಗಿ. ಒಳಗೆ ಬೆಂಚ್ ಹಾಕು. ಕೂತ್ಕೊಂಡು ಎಷ್ಟು ಬೇಕೋ ಕೇಳ್ಲಿ."

ಚರ್ಚಿನ ಹಾಲಿನಿಂದ ಎರಡು ಬೆಂಚು ತಂದು ದಾಸವಾಳದ ಗಿಡದ ಪಕ್ಕ ಹಾಕಿದೆವು. ತಿಂಡಿ ತೆಗೆದುಕೊಂಡು ಓಡುವವರು ಓಡಿದರು, ಕೂರುವವರು ಕೂತರು. ಚಹಾ ಕೂಡ ಮಾರಾಟವಾಗತೊಡಗಿತು. ದೂರು ಕೊಟ್ಟಿದ್ದ ಸ್ಕೂಟರಿನವರೇ ಮೂರನೆಯ ದಿನ ಬಂದು ಕೂತು, ನೀಮಾಗೆ ತಮ್ಮ ಮಗಳ ಪರೀಕ್ಷೆಯ ಹಬಾರಿ ಹೇಳುತ್ತಿದ್ದರು. ಮೇಡಂ ಅದನ್ನು ನೋಡಿ, "ಅರೇ, ಬಾಯೂ ಓಡ್ಲಿ ಬಿಡಿ" ಅಂದರು.

ಆರು ತಿಂಗಳು ಮುಗಿಸಿ ನೀಮಾ ಊರಿಗೆ ಹೋದಳು. ದೊಡೊಮಾದ ಬಸ್ ನಿಲ್ದಾಣದ ಅಂಗಡಿಯಲ್ಲಿ ಈಗ ಅವಳ ತಾಯಿ ಕೂತಿದ್ದಾಳೆ. ಅಂಗಡಿಯ ಮುಂದೆಯೂ ಬೆಂಚು ಹಾಕಿದ್ದಾಳಂತೆ. ನೀಮಾ ಫೋನು ಮಾಡಿದಾಗ ಮೊದಲು ಆಂಟಿಯ ಮೊಣಕಾಲಿನ ಹಬಾರಿ, ಆಮೇಲೆ ನನ್ನದು.

ಹೋದ ವರ್ಷ ಸೇಡಂಗೆ ಹೋಗಿದ್ದೆ. ಹೊರಡುವ ಸಂಜೆ ನಿಲ್ದಾಣದ ಬಳಿಯ ಅಂಗಡಿಗೆ ಹೋಗಿ, ಎರಡು ಕಿಲೋ ತೊಗರಿಬೇಳೆ ಕೊಡಿ, ಬಸ್ಸಿಗೆ ಹೊತ್ತಾಯಿತು ಎಂದೆ. ನಾವು ಮುತ್ಯಾ ಎಂದು ಕರೆಯುವ ಅಂಗಡಿಯ ಅಜ್ಜ ತಕ್ಕಡಿ ಮುಟ್ಟಲಿಲ್ಲ. "ತಡಿ ತಂಗಿ. ಆರಾಮ ಅದೀ? ಮಂದಿ ಎಲ್ಲಾರೂ ಚಂದ ಅದಾರ?" ಅಂದರು. ಮಂದಿ ಎಂದಾಗ ನನ್ನ ಕಣ್ಣಿಗೆ ಬಂದದ್ದು ಕಾಕ್ಸ್ ಟೌನಿನ ಬೆಂಚು. ಎಂದೂ ನೋಡದ ಒಬ್ಬ ತಮಿಳು ಹೆಂಗಸಿನ ಮೊಣಕಾಲಿನ ಕಥೆಯನ್ನು ಮುತ್ಯಾ ಪೂರ್ತಿ ಕೇಳಿ, ಎಳ್ಳೆಣ್ಣೆ ಹಚ್ಚಲು ಹೇಳಿ, ಆಮೇಲೆ ಬೇಳೆ ತೂಗಿದರು.

"ಈಗ ಎಲ್ಲಿಗಿ ಹೊಂಟಿ ತಂಗಿ?"

"ಊರಿಗಿ ರೀ" ಅಂದುಬಿಟ್ಟೆ, ಹುಟ್ಟಿದ ಊರಿನಲ್ಲೇ ನಿಂತುಕೊಂಡು. ಮುತ್ಯಾ ಅದನ್ನು ತಿದ್ದಲಿಲ್ಲ.