ತಲೆಯ ಫೋಟೊ ತೆಗೆಸಿಕೊಂಡ ತುಳಜಾ

ಮುಂಡಗೋಡ ತಾಲೂಕಿನ ಇಂದೂರಿನ ತುಳಜಾಳ ಬಾಯಿಗೆ ಹೆದರದವರು ಅಲ್ಲಿನ ಟಿಬೆಟನ್ ಕಾಲೊನಿಯಲ್ಲೂ ಇರಲಿಲ್ಲ. ಬುಟ್ಟಿಯಲ್ಲಿ ಬದನೆ, ಮೂಲಂಗಿ ಹೊತ್ತು ಅಲ್ಲಿ ಮಾರಲು ಹೋಗುತ್ತಿದ್ದಳು. ಚೌಕಾಸಿ ಮಾಡಿದರೆ ಕನ್ನಡ, ಮರಾಠಿ, ಟಿಬೆಟನ್ ಮೂರರಲ್ಲೂ ಬೈಗುಳ. ಸನ್ಯಾಸಿಗಳೆಂದು ರಿಯಾಯಿತಿ ಇಲ್ಲ. ಗಂಡ ದೇವರಾಜ ಮಾತ್ರ ಮೂಕಬಸವ. ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

೨೦೦೩ರಲ್ಲಿ ಅವಳು ಚೊಚ್ಚಲ ಬಸುರಿ. ಎಂಟು ತಿಂಗಳಿಗೆ ಕಾಲು, ಮುಖ ಊದಿಕೊಂಡವು, ತಲೆ ಸಿಡಿಯತೊಡಗಿತು. "ಗಂಡು ಹುಟ್ಟತೈತಿ, ಅದಕ್ಕ ಭಾರ," ಎಂದಳು ಅತ್ತೆ ಸತ್ತೆವ್ವ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ತುಳಜಾ ಉರುಳಿಬಿದ್ದು, ಕೈಕಾಲು ಸೆಟೆದು ನಡುಗತೊಡಗಿದಳು. "ಮೈಮ್ಯಾಗ ದೇವಿ ಬಂದಾಳ!" ಎಂದು ಸತ್ತೆವ್ವ ಕುಂಕುಮ ತಂದಳು. ದೇವರಾಜ ಜೀಪು ತಂದ. ತಾಲೂಕು ಆಸ್ಪತ್ರೆಯ ಡಾಕ್ಟರು ಬಿ.ಪಿ. ನೋಡಿ, ಇಂಜೆಕ್ಷನ್ ಕೊಟ್ಟು, ಸೀದಾ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಅಂಗೈಯಷ್ಟಿದ್ದರೂ ಗಂಟಲು ತಾಯಿಯದೇ.

ಮರುದಿನ ಎಚ್ಚರಾದ ತುಳಜಾ ಮೊದಲು ಬೈದದ್ದು ಕರೆಂಟಿನವರನ್ನು. "ಇಷ್ಟ ದೊಡ್ಡ ದವಾಖಾನಿಯಾಗ ಒಂದ್ ದೀಪ ಇಲ್ಲೇನ, ಹಾಳಾದವ್ರದು!"

ಮಧ್ಯಾಹ್ನದ ಬಿಸಿಲು ಅವಳ ಮುಖದ ಮೇಲೆಯೇ ಬಿದ್ದಿತ್ತು. ದೇವರಾಜ ಓಡಿಹೋಗಿ ನರ್ಸನ್ನು ಕರೆತಂದ. ಕಣ್ಣು ಹೋಗಿದೆಯೆಂದು ಅವಳೇ ಹೇಳಬೇಕಾಯಿತು. ಆಮೇಲೆ ತುಳಜಾ ಸಂಜೆಯವರೆಗೆ ಯಾರನ್ನೂ ಬೈಯಲಿಲ್ಲ. ದೇವರಾಜನಿಗೆ ನಿಜವಾಗಿ ಭಯವಾದದ್ದು ಆಗ.

ಮೆದುಳಿನ ಎಂಆರ್‌ಐ ಆಗಬೇಕೆಂದರು ಡಾಕ್ಟರು. ಯಂತ್ರ ಅಯಸ್ಕಾಂತದ್ದು, ಮೈಮೇಲೆ ಲೋಹ ಇರಕೂಡದು. ಮೂಗುಬೊಟ್ಟು, ಕಾಲುಂಗುರ ಬಿಚ್ಚುವವರೆಗೆ ಸುಮ್ಮನಿದ್ದ ಸತ್ತೆವ್ವ, ನರ್ಸ್ ತಾಳಿಗೆ ಕೈಹಾಕಿದಾಗ ಬಾಗಿಲಿಗೆ ಅಡ್ಡ ನಿಂತಳು.

"ಗಂಡ ಜೀವಂತ ಇದ್ದಾಗ ತಾಳಿ ತಗಿತೀರಿ? ಅದು ಕೊರಳಾಗ ಇರಬೇಕ!"

"ಕೊರಳಾಗ ಇದ್ರ ಆತಲ್ಲ? ಕೊಡ್ರಿ ಇಲ್ಲೆ," ಎಂದ ದೇವರಾಜ ತಾಳಿಯನ್ನು ತನ್ನ ಕೊರಳಿಗೇ ಹಾಕಿಕೊಂಡ. ಬೆಂಚಿನ ಮೇಲಿದ್ದವರೆಲ್ಲ ಮೀಸೆಯ ಮುತ್ತೈದೆಯನ್ನು ನೋಡಿ ಬಿದ್ದು ಬಿದ್ದು ನಕ್ಕರು.

ಒಳಗೆ ಯಂತ್ರ ಧಡಧಡ ಎನ್ನುತ್ತಿತ್ತು. "ಅಲುಗಾಡಬ್ಯಾಡ್ರಿ, ಅಕ್ಕಾರ," ಎಂದ ಯಂತ್ರ ನಡೆಸುವವ.

"ಮೊದಲ ನಿಮ್ಮ ಗಿರಣಿ ಬಂದ್ ಮಾಡ್ರಿ!" ಎಂದು ತುಳಜಾ ಅರಚಿದಳು. ಹೊರಗೆ ದೇವರಾಜನಿಗೆ ಹೋದ ಜೀವ ಬಂದಂತಾಯಿತು.

ಡಾಕ್ಟರು ಫಿಲ್ಮು ಹಿಡಿದು ವಿವರಿಸಿದರು: "ಕಣ್ಣು ನೆಟ್ಟಗ ಅದಾವು. ಕಂಡದ್ದನ್ನ ತಿಳಕೊಳ್ಳೂ ಜಾಗ ತಲಿ ಹಿಂದ ಇರತೈತಿ. ಬಿ.ಪಿ. ಏರಿ ಅಲ್ಲೆ ಬಾವು ಬಂದೈತಿ. ಬಾವು ಇಳಿದ್ರ ಹೆಚ್ಚಾಗಿ ದೃಷ್ಟಿ ವಾಪಸ್ ಬರತೈತಿ."

"ಫೋಟೊದಾಗ ಮೆದುಳು ಕಾಣಸ್ತೈತೇನ್ರಿ?" ಎಂದಳು ತುಳಜಾ. "ನಮ್ಮ ಅತ್ತಿಯವರಿಗೆ ತೋರಸ್ರಿ. ನನಗ ಅದು ಐತಿ ಅಂದ್ರ ನಂಬೂದಿಲ್ಲ."

ಮೊದಲು ಬೆಳಕು ಬಂತು, ಆಮೇಲೆ ನೆರಳುಗಳು. ಕೆಲವು ದಿನ ಕಳೆದು ಒಂದು ಮುಂಜಾನೆ ಗಂಡನ ಮೀಸೆ ನಿಚ್ಚಳವಾಗಿ ಕಂಡಿತು, ಅದರ ಕೆಳಗೆ ಕರಿಮಣಿ.

"ಏನಿದು ನಿನ್ನ ಅವತಾರ?"

"ನಿನಗ ಕಾಣೂತನಕಾ ತಗಿಬಾರ್ದು ಅಂತ..." ಎಂದವನಿಗೆ ಅಳು ಒತ್ತರಿಸಿ ಬಂತು.

"ಮುತ್ತೈದಿ ಹಿಂಗ ಅಳಬಾರ್ದು," ಎಂದವಳು ತಾನೂ ಅತ್ತಳು. ಆಮೇಲೆ ಮಗುವನ್ನು ಎತ್ತಿಕೊಂಡು ನೋಡಿದಳು. ಮುಖ ಸತ್ತೆವ್ವನದೇ ಆಗಿತ್ತು. ಅದನ್ನೂ ಸಹಿಸಿಕೊಂಡಳು.

ಊರಿಗೆ ಮರಳಿದ ಮೇಲೆ, ತಪಾಸಣೆಗೆ ಹೋಗುವಾಗ ಅತ್ತೆಯನ್ನೂ ಎಳೆದೊಯ್ದು ಬಿ.ಪಿ. ನೋಡಿಸಿದಳು. ಸೊಸೆಯದಕ್ಕಿಂತ ಹೆಚ್ಚಿತ್ತು! ಅಂದಿನಿಂದ ಇಬ್ಬರಿಗೂ ಗುಳಿಗೆ. ಯಾರು ಮರೆತರೆಂದು ದಿನಾ ಜಗಳ.