ಒಡ್ಡಿನೊಳಗಿನ ಬೀಗರು

ಬೆಳಿಗ್ಗೆ ಆರೂವರೆಗೆ ಬೈಲಹೊಂಗಲದಲ್ಲಿ ಸವದತ್ತಿ ಬಸ್ ಹತ್ತಿದೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಹೆಣ್ಣುಮಕ್ಕಳ ಶೂನ್ಯ ಟಿಕೆಟ್ ಕೊಟ್ಟರು. ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ತಲೆಯಲ್ಲಿ ಒಂದೇ ವಿಚಾರ. ಮೂರು ವರ್ಷದಿಂದ ನಮ್ಮ ಹೊಲಕ್ಕೆ ಎಣ್ಣೆ ಹೊಡೆದಿಲ್ಲ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಬಿಡಿಸಿದ್ದು ನನ್ನ ಹಟ. ಆದರೆ ಬೇಸಿಗೆಯಲ್ಲಿ ಸವತೆ ಬಳ್ಳಿ ಹೂ ಬಿಟ್ಟಿತೇ ಹೊರತು ಕಾಯಿ ಕಚ್ಚಲಿಲ್ಲ. ಹೂವಿನಿಂದ ಹೂವಿಗೆ ಹಾರುವ ಹುಳಗಳೇ ಇರಲಿಲ್ಲ. ಮಿಡಿಗಳು ಹಳದಿಯಾಗಿ ಉದುರಿದವು.

"ಇನ್ನೊಂದು ಹಂಗಾಮು ನೋಡೂಣು. ಆಗೂ ಕಾಯಿ ಹಿಡೀಲಿಲ್ಲಂದ್ರ ನಾ ಎಣ್ಣಿ ಹೊಡಿಯೂ ಪಂಪ್ ಹೊರಗ ತೆಗಿಯಾಂವ" ಎಂದಿದ್ದರು ನಮ್ಮ ಮನೆಯವರು. ಒಂದು ಹಂಗಾಮು ಸಾಕು ಎಂದು ನಾನೂ ಬಿಗಿಯಾಗಿಯೇ ಹೇಳಿದ್ದೆ. ಕಟಕೋಳದ ಗಂಗವ್ವ ಎಂಬ ರೈತ ಹೆಂಗಸಿನ ಬಳ್ಳಿಗಳು ಎಣ್ಣೆಯಿಲ್ಲದೆ ಕಾಯಿ ಬಿಡುತ್ತವೆಂದು ಕೇಳಿ ಅಲ್ಲಿಗೇ ಹೊರಟಿದ್ದೆ. ಹುಳ ಕರೆಯುವ ಹೂವಿನ ಸಾಲಿಗೆ ಜಾಗ ಬೇಕಲ್ಲ, ಅದಕ್ಕೆ ಹೊಲದ ಪಡುವಣ ಬದುವಿನ ಮಣ್ಣಿನ ಒಡ್ಡನ್ನು ಇವತ್ತೇ ಜೆಸಿಬಿಯಿಂದ ಸಪಾಟು ಮಾಡಿಸಿರೆಂದು ಮನೆಯವರಿಗೆ ಹೇಳಿ ಬಂದಿದ್ದೆ. ಹೊಲ ಅಂಗೈಯಂತೆ ಚೊಕ್ಕ ಇರಬೇಕೆಂಬುದು ನನ್ನ ಗೀಳು. ಪ್ರತಿ ವರ್ಷ ಆ ಒಡ್ಡನ್ನು ನಾನೇ ಕೆತ್ತುತ್ತಿದ್ದೆ. ಈ ಮಳೆಗಾಲ ಪುರುಸೊತ್ತಾಗದೆ ಬಿಟ್ಟಿದ್ದಕ್ಕೆ ಅದರ ತುಂಬ ಇರುವೆ ತೂತುಗಳು ಎದ್ದಿದ್ದವು.

ಸವದತ್ತಿಯಲ್ಲಿ ಇಳಿದವಳೇ ಬೀಜದ ಅಂಗಡಿಗೆ ಹೋದೆ. ಹುಳ ಬರುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವರು ಒಂದು ಡಬ್ಬಿ ಮುಂದಿಟ್ಟರು.

"ಹುಳ ಬಂದಾವೇನ್ರಿ? ಇದನ್ನ ಹೊಡೀರಿ. ಎರಡ ದಿನದಾಗ ಖಲಾಸ್."

"ಓಡಸಾಕ ಅಲ್ರಿ, ಕರಸಾಕ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಷ್ಟ ವರ್ಷ ಅಂಗಡಿ ನಡಸೇನಿ ಅಕ್ಕಾರ, ಹುಳ ಬೇಕು ಅಂದಾವ್ರು ನೀವ ಮೊದಲಿಗರು." ಅವರದೂ ತಪ್ಪಿಲ್ಲ. ನಮ್ಮ ಮಾತಿನಲ್ಲಿ ಎಲೆ ತಿನ್ನುವುದೂ ಹುಳವೇ, ಜೇನು ತರುವುದೂ ಹುಳವೇ.

ಬಸ್ ಬದಲಿಸಿ ಕಟಕೋಳ ಮುಟ್ಟಿದಾಗ ಹನ್ನೊಂದೂವರೆ. ಉತ್ತರಿ ಮಳೆ ಹಿಂದಿನ ದಿನವಷ್ಟೇ ಬಿದ್ದು ಎರೆಮಣ್ಣು ಚಪ್ಪಲಿಗೆ ಮೆತ್ತುತ್ತಿತ್ತು. ಗಂಗವ್ವ ಅರವತ್ತು ದಾಟಿದ ಗಟ್ಟಿ ಹೆಂಗಸು. "ಬಾ ತಂಗಿ" ಎಂದು ನೇರ ಹೊಲಕ್ಕೇ ಕರೆದೊಯ್ದರು. ಸವತೆ ಬಳ್ಳಿಯ ಸುತ್ತ ಗುರೆಳ್ಳು ಹಳದಿ ಹೂ ಬಿಟ್ಟು ನಿಂತಿತ್ತು. ಹೂವಿನ ಮೇಲೆಲ್ಲ ಹುಳಗಳ ಗುಂಯ್‌ಗುಡುವಿಕೆ. ನನಗೆ ಹೊಟ್ಟೆಕಿಚ್ಚೇ ಆಯಿತು.

"ಹೂ ಆಮ್ಯಾಲೆ ನೋಡುವಂತಿ, ಮೊದಲ ಇದನ್ನ ನೋಡು" ಎಂದು ಗಂಗವ್ವ ಒಡ್ಡಿನ ಬಳಿ ಕುಳಿತರು. ಹುಲ್ಲು ಬೆಳೆದ ಒಡ್ಡು; ನಡುವೆ ಬರಿನೆಲದಲ್ಲಿ ಪೆನ್ಸಿಲ್ ಹೋಗುವಷ್ಟು ತೂತುಗಳು, ಬಾಯಿಯ ಸುತ್ತ ನುಣ್ಣನೆಯ ಮಣ್ಣು.

"ಇಂಥಾ ಇರವಿ ತೂತು ನಮ್ಮ ಒಡ್ಡಿನ್ಯಾಗೂ ಅದಾವ್ರಿ" ಎಂದೆ.

"ಇರವಿ ಅಲ್ಲವಾ." ಕಾಲಿಗೆ ಹಳದಿ ಹುಡಿ ಅಂಟಿಸಿಕೊಂಡ ಸಣ್ಣ ಜೇನೊಂದು ಬಂದು ತೂತಿನೊಳಗೆ ಇಳಿಯಿತು. "ಜೇನು ಅಂದ್ರ ಗಿಡದಾಗ ಜೋತು ಬೀಳೂದು ಅಷ್ಟ ಅಲ್ಲ. ಇವು ಮಣ್ಣಾಗ ಒಂದೊಂದ ಮನಿ ಮಾಡತಾವ, ಒಳಗ ಮರಿ ಇಡತಾವ. ಒಡ್ಡು ಕೆತ್ತಿದ್ರ ಮುಗೀತು. ಬೀಗರನ್ನ ಊಟಕ್ಕ ಕರದು, ಇರಾಕ ಜಾಗಾ ಕೊಡಲಿಲ್ಲಂದ್ರ ಯಾರ ಬರತಾರ?"

ಇವತ್ತೇ ಜೆಸಿಬಿ ಬರುವುದು ನೆನಪಾಯಿತು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನೇ. ಮನೆಯವರಿಗೆ ನಾಲ್ಕು ಸಲ ಫೋನ್ ಮಾಡಿದೆ; ಎತ್ತಲಿಲ್ಲ. ಅವರ ಫೋನು ಗುಡಿಸಲಲ್ಲಿ ಅಂಗಿಯ ಕಿಸೆಯಲ್ಲಿ ನೇತಾಡುತ್ತಿರುತ್ತದೆ, ಅವರು ಹೊಲದ ಆ ತುದಿಯಲ್ಲಿರುತ್ತಾರೆ. ಆ ರಾತ್ರಿ ರಾಮದುರ್ಗದ ಅಕ್ಕನ ಮನೆಯಲ್ಲಿ ವಸತಿ ಮಾಡುವ ವಿಚಾರ ಅಲ್ಲಿಗೇ ಬಿಟ್ಟೆ. ಗಂಗವ್ವ ಒಂದು ಸೇರು ಹವೀಜ ಚೀಲಕ್ಕೆ ಸುರಿದರು. "ಗುರೆಳ್ಳು ಬಿತ್ತೂ ಕಾಲ ಮುಗದೈತಿ. ಈ ಕೊತ್ತಂಬರಿ ಬೀಜ ಹಾಕು, ನಿನ್ನ ಸವತಿ ಜೋಡಿನ ಹೂ ಬಿಡತೈತಿ. ಲಗೂನ ಹೋಗು."

ಬೆಳಿಗ್ಗೆ ಬರುವಾಗ ನವಿಲುತೀರ್ಥ ಅಣೆಕಟ್ಟಿನ ಕಡೆ ನೀರು ಕಾಣುತ್ತದೇನೋ ಎಂದು ಕಿಟಕಿಯಿಂದ ಕತ್ತು ಚಾಚಿದ್ದೆ. ವಾಪಸ್ ಹೋಗುವಾಗ ಅದು ಯಾವಾಗ ದಾಟಿತೋ ಗೊತ್ತಾಗಲಿಲ್ಲ. ರೊಟ್ಟಿ ಗಂಟು ಬಿಚ್ಚಲೇ ಇಲ್ಲ.

ಸಂಜೆ ಐದಕ್ಕೆ ಹೊಲ ಮುಟ್ಟಿದೆ. ಒಡ್ಡು ಅರ್ಧ ಇರಲಿಲ್ಲ. ಕೆದರಿದ ಮಣ್ಣಿನ ಮೇಲೆ ಸಣ್ಣ ಜೇನುಗಳು ತಮ್ಮ ತೂತು ಹುಡುಕುತ್ತ ಸುತ್ತುತ್ತಿದ್ದವು. ನನಗೆ ಅಳು ಬಂತು. ಜೆಸಿಬಿ ಹೋಗಿತ್ತು. ಉಳಿದರ್ಧ ಒಡ್ಡಿನ ಪಕ್ಕ ಮನೆಯವರು ಕುಳಿತಿದ್ದರು, ಮಗ್ಗುಲಲ್ಲಿ ಎಣ್ಣೆ ಹೊಡೆಯುವ ಹಳೆಯ ಪಂಪು.

"ಹುಳ ಎದ್ದುವು. ಡ್ರೈವರ್ ಕಡೀತಾವಂತ ಅಂಜಿ ಗಾಡಿ ತಿರುವಿಕೊಂಡು ಹೋದ. ಹೊಡೀಬೇಕಂತ ಪಂಪ್ ತಂದಿದ್ದೆ" ಎಂದರು. "ಆದರ ಹಂಗಾಮು ಮುಗಿಯೂ ತನಕ ಮುಟ್ಟಂಗಿಲ್ಲಂತ ನಿನಗ ಮಾತು ಕೊಟ್ಟೇನಲ್ಲ. ಕೇಳಿ ಹೊಡೀಬೇಕಂತ ಕುಂತೇನಿ."

"ನಾ ಕಟಕೋಳದ ತನಕ ಕರಿಯಾಕ ಹೋಗಿದ್ದ ಬೀಗರು ಇವರ ರೀ" ಎಂದು ತೂತುಗಳನ್ನು ತೋರಿಸಿದೆ. "ನೀವು ಮೂರು ವರ್ಷ ಎಣ್ಣಿ ಬಿಟ್ಟದ್ದಕ್ಕ ಬಂದಾವ. ಮನಿ ಕೆಡವಿಸಿದಾಕಿ ನಾ. ಉಳದದ್ದನ್ನ ಇನ್ನ ಯಾರೂ ಮುಟ್ಟಂಗಿಲ್ಲ."

ಅವರು ಬಹಳ ಹೊತ್ತು ಕುಕ್ಕುರುಗಾಲಲ್ಲಿ ಕುಳಿತು ಒಂದು ತೂತನ್ನೇ ನೋಡಿದರು. ಆಮೇಲೆ ಖಾಲಿ ಪಂಪನ್ನು ಹೆಗಲಿಗೇರಿಸಿಕೊಂಡು ಮನೆಯತ್ತ ಹೊರಟರು. ನಾನು ಹವೀಜದ ಗಂಟು ಬಿಚ್ಚುತ್ತ ತಿರುಗಿ ನೋಡಿದೆ. ದಿನಾ ಆ ಒಡ್ಡು ತುಳಿದೇ ಹೋಗುವವರು, ಇವತ್ತು ಹೊಲದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.