ನಮ್ಮ ತಂಡಕ್ಕೆ ಹಕ್ಕಿ ಎಂದು ಹೆಸರಿಟ್ಟದ್ದು

ಕಬಡ್ಡಿ ಆಡಿ ನಾನು ಅಷ್ಟೊಂದು ದಣಿದವನಲ್ಲ. ತಂಡಕ್ಕೆ ಹೆಸರಿಡುವುದರಲ್ಲಿ ದಣಿದುಹೋದೆ. ತೊಂಬತ್ತರ ದಶಕದ ಕೊನೆಯ ಮಾತು. ಎಚ್.ಡಿ. ಕೋಟೆ ಕಡೆಯ ನಮ್ಮ ಹಳ್ಳಿಯ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಪಕ್ಕದ ಕಾಡಿನ ಹೆಸರನ್ನೇ ಇಟ್ಟುಕೊಂಡು ‘ಕಾಕನಕೋಟೆ ತಂಡ’ ಎಂದು ಆಡುತ್ತಿದ್ದೆವು. ಕೆ.ಆರ್. ನಗರದ ಅಕ್ಕಿ ಗಿರಣಿಯ ಯಜಮಾನರೊಬ್ಬರು ನಮ್ಮ ಆಟ ಮೆಚ್ಚಿ, ಇಡೀ ತಂಡವನ್ನೇ ತಮ್ಮೂರಿಗೆ ಕರೆಸಿಕೊಂಡರು. ಊಟ, ವಸತಿ, ತಿಂಗಳ ಸಂಬಳ ಎಲ್ಲ ಅವರದೇ. ಆಟವೇ ನಮಗೆ ಕೆಲಸವಾಯಿತು.

ಹೊರಡುವಾಗ ದೊಡ್ಡಪ್ಪ ಬಸ್ಸಿನವರೆಗೂ ಬಂದಿದ್ದ. ನಮ್ಮ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ ಅವನು.

“ಎಲ್ಲಾದ್ರೂ ಆಡ್ಕಳಿ ಕಣ್ಲಾ. ಕಾಕನಕೋಟೆ ಅನ್ನೋದ ಮಾತ್ರ ಬುಡಬ್ಯಾಡಿ. ಮೈಕಲ್ಲಿ ಅದ್ ಕೇಳ್ನಿಲ್ಲ ಅಂದ್ರೆ ನಾನ್ ಯಾಕ್ ಬರ್ಲಿ?” ಎಂದ.

ತಂಡದ ನಾಯಕ ನಾನೇ. ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಮೊದಲ ವಾರವೇ ಯಜಮಾನರು ನಮ್ಮನ್ನು ಗಿರಣಿಯಲ್ಲಿ ಕೂರಿಸಿಕೊಂಡು ಹೆಸರಿನ ಮಾತೆತ್ತಿದರು. “ಕಾಕನಕೋಟೆ ಅಂದ್ರೆ ಕಾಡು ಕಣ್ರಯ್ಯ. ಟೌನಿಗೆ ಬಂದಿದೀರ. ಬ್ಯಾರೆ ಎಸ್ರು ಯೋಳಿ.”

ಎರಡೂ ಊರಿನ ಹೆಸರು ಸೇರಿಸೋಣ ಎಂದೆ. ಬನಿಯನ್ನಿನ ಮೇಲೆ ಅಷ್ಟು ಜಾಗವಿಲ್ಲ ಎಂದರು. ಹುಲಿ ಎಂದರೆ ಹುಣಸೂರಿನಲ್ಲಿ ಆಗಲೇ ಒಂದು ಹುಲಿ ಇತ್ತು. ಸಿಂಹ ಅವರ ಬೀಗರ ಊರಿನವರದಾಗಿತ್ತು. ತೌಡಿನ ಧೂಳಿಗೆ ಸೀನಿ ಸೀನಿ ನನಗೆ ಸಾಕುಬೇಕಾಯಿತು. ಕೊನೆಗೆ ಯಜಮಾನರ ಅಳಿಯ ‘ಹಕ್ಕಿ’ ಎಂದ. ರೇಡಿಗೆ ಹೋದವನು ಹಕ್ಕಿಯ ಹಾಗೆ ಹಾರಿ ಬರಬೇಕಂತೆ.

“ಅಕ್ಕಿನಾ? ಚೆನ್ನಾಗದೆ ಬುಡಿ, ಮಿಲ್ಲಿಗೂ ಒಪ್ತದೆ,” ಎಂದ ಮೂಟೆ ಹೊರುವವನೊಬ್ಬ.

ನಮ್ಮ ಕಡೆಯವರ ನಾಲಿಗೆಗೆ ಹಕಾರ ಹತ್ತುವುದಿಲ್ಲ. ಹಕ್ಕಿಯೂ ಅಕ್ಕಿಯೇ, ಅಕ್ಕಿಯೂ ಅಕ್ಕಿಯೇ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕು ಅದನ್ನೇ ಗಟ್ಟಿ ಮಾಡಿದರು. ನನಗೆ ಸಂಕಟವಾಯಿತು, ಆದರೆ ಇನ್ನೂ ವಾದ ಮಾಡುವ ತ್ರಾಣವಿರಲಿಲ್ಲ.

ಹೊಸ ಹೆಸರಿನ ಮೊದಲ ಪಂದ್ಯ ಪಿರಿಯಾಪಟ್ಟಣದಲ್ಲಿ. ಅಲ್ಲಿ ನೋಡಲು ಬಂದವರ ಊಟಕ್ಕೂ ಯಜಮಾನರೇ ಅಕ್ಕಿ ಕೊಟ್ಟಿದ್ದರು. ಮೂಟೆಗಳ ಜೊತೆ ನಮ್ಮನ್ನೂ ಗಿರಣಿಯ ಲಾರಿಗೆ ಹತ್ತಿಸಿದರು. ಬಿಸಿಲಲ್ಲಿ ಬೆಂದು ಹೋಗಿ, ಮೈದಾನದ ಹಿಂದೆ ಲಾರಿಯ ನೆರಳಿನಲ್ಲಿ ಬಿದ್ದುಕೊಂಡಿದ್ದೆವು. ಮೈಕಿನಲ್ಲಿ ಕೂಗಿದರು: “ಕೆ.ಆರ್. ನಗರದ ಅಕ್ಕಿ ಎಲ್ಲಿದ್ರೂ ಬೇಗ ಬರ್ಬೇಕು! ಅಕ್ಕಿಗೋಸ್ಕರ ಎಲ್ರೂ ಕಾಯ್ತಾವ್ರೆ!”

ಇಳಿಸಲು ಬೇರೆ ಆಳುಗಳಿರಲಿಲ್ಲ. ಗೊಣಗುತ್ತ ಎದ್ದು, ಮೂಟೆ ಹೊತ್ತು, ಮೈದಾನ ಸುತ್ತಿಕೊಂಡು ಅಡುಗೆಯ ಶೆಡ್ಡಿಗೆ ಹಾಕಿದೆವು. ಮತ್ತೆ ಅದೇ ಕೂಗು. “ತತ್ತಾ ಇವ್ನಿ ಕಣಪ್ಪಾ, ಬಡ್ಕೋಬ್ಯಾಡ!” ಎಂದು ನಾನೇ ಬೈದು, ಇನ್ನೊಂದು ಮೂಟೆಗೆ ಬೆನ್ನು ಕೊಟ್ಟೆ. ಎಲ್ಲ ಇಳಿಸಿ, ಬೆವರೊರೆಸಿಕೊಂಡು ಅಂಕಣಕ್ಕೆ ಬಂದರೆ, ಎದುರು ತಂಡದವರು ಆಡದೆಯೇ ಗೆದ್ದು ಹಾರ ಹಾಕಿಸಿಕೊಳ್ಳುತ್ತಿದ್ದರು.

ಯಜಮಾನರು ಕೆಂಡಾಮಂಡಲವಾಗಿದ್ದರು. “ನಿಮ್ ಎಸ್ರು ಕೂಗುದ್ರೆ ನಿಮ್ಗೇ ಗೊತ್ತಾಗಲ್ವೇನ್ರಯ್ಯಾ? ಓಗಿ, ಆ ಕಾಕನಕೋಟೇನೇ ಇಟ್ಕಳಿ. ನಂಗೆ ನಿಮ್ ಟೀಮೂ ಬ್ಯಾಡ, ಏನೂ ಬ್ಯಾಡ.”

ಅಲ್ಲಿಗೆ ಮುಗಿಯಿತು. ಜೊತೆಯವರಲ್ಲಿ ಕೆಲವರು ಪಿರಿಯಾಪಟ್ಟಣದಿಂದಲೇ ಕೊಡಗಿನ ತೋಟದ ಕೆಲಸಕ್ಕೆ ಬಸ್ಸು ಹತ್ತಿದರು. ಉಳಿದವರು ಬೇರೆ ತಂಡ ಹುಡುಕಿಕೊಂಡು ಹೋದರು. ಊರಿಗೆ ವಾಪಸಾದವನು ನಾನೊಬ್ಬನೇ.

ಬಸ್ಸಿಳಿದಾಗ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ನಾನು ಬ್ಯಾಗು ಕೆಳಗಿಡುವ ಮೊದಲೇ ಕೇಳಿದ: “ಎಸ್ರು ಏನಾಯ್ತ್ಲಾ?”

“ಕಾಕನಕೋಟೇನೇ ಇಟ್ಕಳಿ ಅಂದ್ರು,” ಎಂದೆ.

ಅವನ ಮುಖ ಅರಳಿತು. ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟ.

“ಅಂಗಾದ್ರೆ ಸರಿ ಬುಡು, ಬತ್ತೀನಿ. ಮುಂದಿನ್ ಮ್ಯಾಚ್ ಎಲ್ಲಿ?”